ಹಳದಿ ಪಿನ್ನೂ ಭಾವನ ಊಟವೂ

ನಮ್ಮ ಭಾವ ಗುರುಮಲ್ಲಪ್ಪನವರು ನಮ್ಮ ಮನೆಯಲ್ಲಿ ಊಟ ಮಾಡುವುದಿಲ್ಲ. ಅವರು ನನ್ನ ಹೆಂಡತಿ ಮಂಗಳಗೌರಿಯ ಒಡಹುಟ್ಟಿದ ಅಣ್ಣ. ವರ್ಷಕ್ಕೆ ಮೂರ್ನಾಲ್ಕು ಸಲ ಸಾಲಿಗ್ರಾಮದಿಂದ ನಮ್ಮ ಹಾರನಹಳ್ಳಿಗೆ ಬರುತ್ತಾರೆ, ಜಗಲಿಯ ಮೇಲೆ ಕೂರುತ್ತಾರೆ, ನನ್ನ ಹೊಗೆಸೊಪ್ಪಿನ ಬೆಳೆಯಲ್ಲಿ ತಪ್ಪು ಹುಡುಕುತ್ತಾರೆ, ಒಂದು ಚೊಂಬು ನೀರು ಕುಡಿದು ಬಸ್ಸು ಹತ್ತುತ್ತಾರೆ. ಊಟಕ್ಕೆ ಏಳಿ ಎಂದರೆ ಒಮ್ಮೆ ಗ್ಯಾಸ್ಟ್ರಿಕ್ಕು, ಒಮ್ಮೆ ಈಗ ತಾನೆ ಆಯಿತು, ಒಮ್ಮೆ ಸೋಮವಾರದ ಉಪವಾಸ. ಆ ಸೋಮವಾರ ಕೆಲವು ಸಲ ಗುರುವಾರವೂ ಬಂದಿದೆ. ಪಾಪ, ಹೊಟ್ಟೆ ಸರಿಯಿಲ್ಲದ ಮನುಷ್ಯ ಎಂದು ನಾವು ಕನಿಕರಪಟ್ಟುಕೊಂಡೇ ಬಂದಿದ್ದೆವು.

ನಿಜವಾದ ಕಾರಣ ಹೊರಬಿದ್ದದ್ದು ಮೊನ್ನೆ, ಮಗಳು ರಮ್ಯಳ ಲಗ್ನಪತ್ರಿಕೆ ಕೊಡಲು ಗಂಡಹೆಂಡಿರು ಸಾಲಿಗ್ರಾಮಕ್ಕೆ ಹೋದಾಗ. ತಟ್ಟೆಯಲ್ಲಿ ಎಲೆ ಅಡಿಕೆ, ತೆಂಗಿನಕಾಯಿ, ಪತ್ರಿಕೆ ಇಟ್ಟು ಚಾಚಿದೆ. ಭಾವ ಕೈ ಚಾಚಲಿಲ್ಲ.

“ಸೋದರಮಾವ ನೀವು. ಹೆಣ್ಣಿನ ಕೈ ಹಿಡ್ಕೊಂಡು ಹಸೆಮಣೆಗೆ ಕರ್ಕೊಂಡು ಬರೋರು ನೀವೇ. ತಗೊಳ್ಳಿ ಭಾವ,” ಎಂದೆ.

“ಬತ್ತಿದ್ದೆ. ಆದ್ರೆ ನಿಮ್ಮನೇಲಿ ಊಟಕ್ಕೆ ಕರೆಯೋ ಪದ್ಧತಿ ಇಲ್ವಲ್ಲ.”

“ಏನಣ್ಣ ಅಂಗಂದ್ರೆ?” ಎಂದಳು ಮಂಗಳಗೌರಿ.

“ನಿನ್ನ ಮದ್ವೆ ದಿವ್ಸ ಇವರ ಮನೆ ಮುಂದೆ, ಇವರು ಹಾಕ್ಸಿದ್ದ ಚಪ್ಪರದಲ್ಲಿ, ಹೆಣ್ಣಿನ ಅಣ್ಣ ಕಂಬ ಒರಗಿಕೊಂಡು ನಿಂತಿದ್ದೆ ಕಣವ್ವ. ಗುರುಮಲ್ಲಪ್ಪ ಬಾರಪ್ಪ, ಎಲೆ ಮುಂದೆ ಕೂತ್ಕೋ ಅಂತ ಒಂದು ನರಪಿಳ್ಳೆ ಕರೀಲಿಲ್ಲ. ಹಸ್ಕೊಂಡೇ ಬಸ್ ಹತ್ತಿದೆ. ಅವತ್ತೇ ಅಂದ್ಕೊಂಡೆ, ಈ ಮನೆ ಅನ್ನ ಮುಟ್ಟಲ್ಲ ಅಂತ.”

ಮದುವೆಯಾಗಿ ಹತ್ತಿರ ಹತ್ತಿರ ಮೂವತ್ತು ವರ್ಷ. ಉಣ್ಣದ ಊಟವನ್ನು ಅಷ್ಟು ಕಾಲ ಹೊಟ್ಟೆಯಲ್ಲಿ ಇಟ್ಟುಕೊಂಡ ಬೇರೊಬ್ಬ ಮನುಷ್ಯನನ್ನು ನಾನು ನೋಡಿಲ್ಲ. ಬುದ್ಧಿ ಇದ್ದವನಾಗಿದ್ದರೆ ಅಲ್ಲೇ ಕೈ ಮುಗಿದು “ತಪ್ಪಾಯ್ತು ಭಾವ” ಎಂದು ಮುಗಿಸುತ್ತಿದ್ದೆ. ಆದರೆ ನನ್ನ ಬಾಯಿಯಿಂದ ಬಂದದ್ದು ಬೇರೆ.

“ಕರೆದೇ ಕರೆದವ್ರೆ! ಬೇಕಾದ್ರೆ ವಿಡಿಯೋದಲ್ಲಿ ನೋಡಿ!”

ಹಾರನಹಳ್ಳಿಯಲ್ಲಿ ಮೊಟ್ಟಮೊದಲು ವಿಡಿಯೋ ಆದ ಮದುವೆ ನಮ್ಮದು. ಹುಣಸೂರಿನಿಂದ ಕ್ಯಾಮೆರಾದವನು ಬಂದಿದ್ದ. ಈ ಸಂಗತಿಯನ್ನು ನಾನು ಊರಿನಲ್ಲಿ ಹೇಳದ ಮನುಷ್ಯನಿಲ್ಲ. ಗೊಬ್ಬರದಂಗಡಿಯವನು ನನ್ನನ್ನು ಕಂಡರೆ ತಾನೇ ಹೇಳಿಬಿಡುತ್ತಾನೆ, ನಾನು ಶುರು ಮಾಡದಿರಲಿ ಎಂದು. ಕ್ಯಾಸೆಟ್ಟು ಇರುವುದು ನಿಜ. ಆದರೆ ಅದರಲ್ಲಿ ಭಾವನನ್ನು ಕರೆದದ್ದು ಇದೆಯೋ ಇಲ್ಲವೋ ದೇವರಾಣೆಗೂ ನನಗೆ ಗೊತ್ತಿರಲಿಲ್ಲ. ಹಿಂದೆ ನೋಡುತ್ತಿದ್ದ ಕಾಲದಲ್ಲಿ ಧಾರೆ ಮುಗಿದು ಊಟ ಬಂತೆಂದರೆ ಮುಂದಕ್ಕೆ ಓಡಿಸಿಬಿಡುತ್ತಿದ್ದೆವು. ಬೇರೆಯವರು ಅನ್ನ ಸಾರು ಉಣ್ಣುವುದನ್ನು ಕೂತು ಯಾರು ನೋಡುತ್ತಾರೆ?

ಭಾವ ಎದ್ದು ನಿಂತರು. “ಭಾನುವಾರ ಬತ್ತೀನಿ. ಕರೆದದ್ದು ಇದ್ರೆ ನಿಮ್ಮನೇಲೇ ಉಂಡು, ಹುಡುಗಿ ಕೈ ಹಿಡ್ಕೊಂಡು ಹಸೆಗೆ ಬತ್ತೀನಿ. ಇಲ್ದಿದ್ರೆ ಬೇರೆ ಸೋದರಮಾವನ್ನ ಹುಡುಕ್ಕೊಳಿ. ಸಾಕ್ಷಿಗೆ ಲಿಂಗಯ್ಯನೂ ಬತ್ತಾನೆ.”

ಲಿಂಗಯ್ಯ ಅವರ ಪಕ್ಕದ ಮನೆಯವರು. ನ್ಯಾಯ ಎಲ್ಲಿದ್ದರೂ ಕೂರುವವರು, ಒಂದು ಮಾತು ಸಿಕ್ಕರೆ ಹಿಡಿದು ಸಂಜೆಯವರೆಗೆ ಎಳೆಯುವವರು. ಮದುವೆಗೆ ಹೆಣ್ಣಿನ ಕಡೆಯಿಂದ ಬಂದಿದ್ದವರೇ.

ಬಸ್ಸು ಹುಣಸೂರು ಮುಟ್ಟಿತು. ಮಂಗಳಗೌರಿ ಕಿಟಕಿಯ ಕಡೆ ನೋಡಿಕೊಂಡೇ ಹೇಳಿದಳು: “ಅಪ್ಪ ಇಲ್ಲ, ಅವ್ವ ಇಲ್ಲ. ತವರು ಅಂತ ಇರೋನು ಅವನೊಬ್ಬ. ಅವನು ಬರ್ದೆ ಮಗಳನ್ನ ಹಸೆಗೆ ನಡ್ಸಿದ್ರೆ ನಾನು ಚಪ್ಪರದೊಳಕ್ಕೆ ಕಾಲಿಡಲ್ಲ. ನೀವೇ ತಾಯಿ, ನೀವೇ ತಂದೆ ಆಗಿ ಮಾಡ್ಕೊಳಿ.”

ಇವಳು ಹೇಳಿದ್ದನ್ನು ಮಾಡುವವಳು. ಆ ಗುಣ ಆ ಮನೆತನಕ್ಕೇ ಇದೆ.

ಕ್ಯಾಸೆಟ್ಟು ಟ್ರಂಕಿನಲ್ಲಿ ರೇಷ್ಮೆ ಸೀರೆಗಳ ಅಡಿ ಭದ್ರವಾಗಿತ್ತು. ಅದನ್ನು ಓಡಿಸುವ ವಿಸಿಪಿ ಅಟ್ಟದ ಮೇಲಿತ್ತು. ಹಳೆಯ ಡಬ್ಬಾ ಟಿವಿ ಇದ್ದಾಗ ಯಾರೋ ಬಂದು ಜೋಡಿಸಿ ಹೋಗಿದ್ದರು. ಗೋಡೆಗೆ ಅಂಟುವ ಟಿವಿ ಬಂದ ಮೇಲೆ ಅದನ್ನು ಯಾರೂ ಕೇಳಿರಲಿಲ್ಲ. ಮೈಸೂರಿನ ಸ್ಟುಡಿಯೋಗೆ ಫೋನ್ ಮಾಡಿ, ಇದನ್ನು ಮೊಬೈಲಿಗೆ ಹಾಕಿಕೊಡುತ್ತೀರಾ ಎಂದೆ. ಬೆಂಗಳೂರಿಗೆ ಕಳಿಸಬೇಕು, ಬರುವುದಕ್ಕೆ ಒಂದು ತಿಂಗಳು ಎಂದರು. ಅಷ್ಟರಲ್ಲಿ ಮಗಳು ಗಂಡನ ಮನೆ ಸೇರಿರುತ್ತಾಳೆ.

“ನಾನೇ ಜೋಡಿಸ್ತೀನಿ,” ಎಂದೆ. ಇದು ಜಂಬವಲ್ಲ. ತ್ರೀ ಫೇಸ್ ಪಂಪ್‌ಸೆಟ್ಟಿನ ಸ್ಟಾರ್ಟರನ್ನು ನಮ್ಮ ಕಡೆ ಲೈನ್‌ಮನ್ ಬಿಟ್ಟರೆ ಬಿಚ್ಚಿ ಜೋಡಿಸುವವನು ನಾನೊಬ್ಬನೇ. ಕೆಂಪು, ಹಳದಿ, ನೀಲಿ, ಮೂರು ಫೇಸು. ಎರಡನ್ನು ಅದಲು ಬದಲು ಮಾಡಿದರೆ ಮೋಟರು ಹಿಂದುಮುಂದಾಗಿ ತಿರುಗುತ್ತದೆ. ಒಂದು ಹೋದರೆ ಸುಟ್ಟೇಹೋಗುತ್ತದೆ. ಇಷ್ಟು ಬಲ್ಲವನಿಗೆ ಒಂದು ಟಿವಿ ಯಾವ ಲೆಕ್ಕ?

ವಿಸಿಪಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಪಿರಿಯಾಪಟ್ಟಣಕ್ಕೆ ಹೋದೆ. ಬಸ್‌ ಸ್ಟ್ಯಾಂಡಿನ ಹಿಂದೆ ಟಿವಿ ರಿಪೇರಿ ಮಾಡುವವನು ಮುಚ್ಚಳ ತೆಗೆದು, ಒಳಗಿನ ಬೆಲ್ಟು ಬದಲಿಸಿ, ಕ್ಯಾಸೆಟ್ಟು ತಿರುಗುವುದನ್ನು ತೋರಿಸಿದ. ಆಮೇಲೆ ಒಂದು ವೈರು ಕೊಟ್ಟ. ಎರಡೂ ತುದಿಗೆ ಮೂರು ಮೂರು ಪಿನ್ನು, ಕೆಂಪು, ಹಳದಿ, ಬಿಳಿ.

“ಹಳದಿ ಚಿತ್ರಕ್ಕೆ, ಬಿಳಿ ಸೌಂಡಿಗೆ. ಕೆಂಪು ಸುಮ್ನೆ ನೇತಾಡ್ಲಿ ಬುಡಿ ಸಾರ್. ನಿಮ್ದು ಹಳೇ ಮಿಷನ್ನು, ಹಿಂದ್ಗಡೆ ಎರಡೇ ತೂತು.”

“ಮೂರಲ್ಲಿ ಒಂದು ಫೇಸ್ ಬುಟ್ರೆ ಮೋಟರು ಸುಟ್ಟೋಗಲ್ವಾ?”

“ಇದಕ್ಕೆ ಫೇಸಿಲ್ಲ ಸಾರ್.”

“ಮತ್ತೆ ಒಳಗೆ ಕ್ಯಾಸೆಟ್ ತಿರುಗ್ಸೋದು ಯಾರು, ನಿಮ್ ತಾತನಾ?”

ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ. “ಸಾರ್, ನಿಮ್ಮ ಪಂಪ್‌ಸೆಟ್ಟು ಚೆನ್ನಾಗಿ ಓಡ್ತಾ ಐತಾ?”

“ಫಸ್ಟ್‌ಕ್ಲಾಸಾಗಿ.”

“ಅಂಗಾದ್ರೆ ಅದನ್ನೇ ನೋಡ್ಕೊಳಿ.”

ಇಂಥವರ ಹತ್ತಿರ ಮಾತು ಬೆಳೆಸಬಾರದು. ಬಸ್ಸಿಗೂ ಹೊತ್ತಾಗಿತ್ತು. ಟಿವಿಗೆ ಹಾಕಿ ತೋರಿಸು ಎಂದು ಕೇಳದೆ ಬಂದುಬಿಟ್ಟೆ.

ಮನೆಗೆ ಬಂದು ಮಿಷನ್ನಿನ ಬೆನ್ನು ತಿರುಗಿಸಿ ನೋಡುತ್ತೇನೆ, ತೂತುಗಳಿಗೆ ಬಣ್ಣವೇ ಕಾಣುವುದಿಲ್ಲ. ಹಿಂಬದಿಯ ಉದ್ದಕ್ಕೂ ಅರಿಶಿನ ಬಳಿದು ಗಟ್ಟಿಯಾಗಿದೆ. ಎರಡು ತೂತಿನ ಮೇಲೂ ಕುಂಕುಮ, ಅದರ ಮೇಲೆ ವಿಭೂತಿ.

“ಏನೇ ಇದು?”

“ಆಯುಧ ಪೂಜೆದು,” ಎಂದಳು ಮಂಗಳಗೌರಿ. “ಪ್ರತಿ ವರ್ಷ ಮಚ್ಚು, ಕುಡುಗೋಲು, ಸ್ಕೂಟ್ರು, ಅದರ ಜೊತೆ ಇದನ್ನೂ ಇಳಿಸಿ ಮಾಡ್ತೀನಿ. ನಮ್ಮ ಮದ್ವೆ ತೋರಿಸಿದ ಮಿಷನ್ನು, ಬುಡೋಕಾಗ್ತದಾ?”

“ಮುಂದ್ಗಡೆ ಹಚ್ಚಬಾರ್ದಾಗಿತ್ತಾ?”

“ಕಣ್ಣೆರಡು ಇರೋದು ಇಲ್ಲಿ ತಾನೆ? ಮುಖ ಬುಟ್ಟು ಯಾರಾದ್ರೂ ಬೆನ್ನಿಗೆ ಕುಂಕುಮ ಇಡ್ತಾರಾ?”

ನಾನು ಅಷ್ಟು ವರ್ಷದಿಂದ ಮುಖವನ್ನು ಬೆನ್ನು ಎಂದುಕೊಂಡಿದ್ದೆ ಎಂದು ಅವಳಿಗೆ ಬೇಸರವಾಯಿತು. ದೇವರ ಕುಂಕುಮ ಕೆರೆಯಬೇಡಿ ಎಂದು ಹಟ ಹಿಡಿದಳು. ಕೊನೆಗೆ ಮಂಗಳಾರತಿ ಮಾಡಿ, ಮಿಷನ್ನಿನ ಅಪ್ಪಣೆ ಕೇಳಿ, ಅವಳೇ ಒದ್ದೆ ಬಟ್ಟೆಯಿಂದ ಒರೆಸಿಕೊಟ್ಟಳು. ಒರೆಸಿದ ಮೇಲೂ ಎರಡೂ ತೂತು ಹಳದಿಯಾಗಿಯೇ ಉಳಿದವು. ಯಾವುದು ಹುಟ್ಟಿನ ಹಳದಿ, ಯಾವುದು ಅರಿಶಿನದ ಹಳದಿ ಎಂದು ಯಾರು ಹೇಳಬೇಕು?

ಅಷ್ಟರಲ್ಲಿ ಪಕ್ಕದ ಮನೆಯ ಸುಂದ್ರಮ್ಮ ಧಾರಾವಾಹಿ ನೋಡಲು ಬಂದರು. ಅವರ ಮನೆಯ ಟಿವಿಗೆ ರೀಚಾರ್ಜ್ ಮುಗಿದು ಬಹಳ ಕಾಲವಾಗಿದೆ. ನಮ್ಮ ಮನೆಯ ಟಿವಿ ಕೆಟ್ಟರೆ ನನಗಿಂತ ಮೊದಲು ಬೈಯುವವರು ಅವರೇ.

“ಇವತ್ತು ಹೊಸ ಸೊಸೆ ಹಾಲಿಗೆ ವಿಸ ಹಾಕೋ ದಿವ್ಸ! ಇದ್ಯಾಕಪ್ಪ ಟೀವಿ ಕೆಳಗಿಳ್ಸಿ ಮೂತಿ ಗೋಡೆ ಕಡೆ ತಿರುಗ್ಸಿದ್ದೀಯ?”

“ಒಂದು ಗಳಿಗೆ ತಡೀರಿ ಸುಂದ್ರಮ್ಮ.”

“ನಾನು ತಡೀತೀನಿ, ಅವಳು ತಡೀತಾಳಾ?”

ವೈರಿನ ಒಂದು ತುದಿಯನ್ನು ಟಿವಿಗೆ ಬಣ್ಣ ನೋಡಿ ಕೂರಿಸಿದೆ. ಮಿಷನ್ನಿನ ಕಡೆ ಹಳದಿಯನ್ನು ಒಂದು ತೂತಿಗೆ, ಬಿಳಿಯನ್ನು ಇನ್ನೊಂದಕ್ಕೆ ಹಾಕಿದೆ. ಕೆಂಪನ್ನು ಸುಮ್ಮನೆ ಬಿಡಲು ಮನಸ್ಸು ಒಪ್ಪಲಿಲ್ಲ. ಕೊನೆಗೆ ಅದಕ್ಕೊಂದು ವೈರು ಸುತ್ತಿ, ಕಿಟಕಿಯ ಸರಳಿಗೆ ಕಟ್ಟಿ ಅರ್ತ್ ಕೊಟ್ಟೆ. ಟಿವಿಯನ್ನು ಈ ಕಡೆ ತಿರುಗಿಸಿದರೆ ಬರೀ ನೀಲಿ. ‘ಸಿಗ್ನಲ್ ಇಲ್ಲ’ ಎಂಬ ಎರಡು ಪದ ಆ ಮೂಲೆಯಿಂದ ಈ ಮೂಲೆಗೆ ತೇಲಾಡುತ್ತಿದ್ದವು.

“ಅಪ್ಪ, ಹಳದಿ ಬಿಳಿ ಎರಡನ್ನೂ ಅದಲು ಬದಲು ಮಾಡಿ ನೋಡಿ,” ಎಂದಳು ರಮ್ಯ.

“ಫೇಸ್ ಅದಲು ಬದಲಾದ್ರೆ ಕ್ಯಾಸೆಟ್ಟು ಹಿಂದಕ್ಕೆ ಓಡ್ತದೆ ಕಣಮ್ಮ! ಮೊದ್ಲು ಕಟ್ಟಿರೋ ತಾಳಿ ಬಿಚ್ಚೋದನ್ನ ನೋಡ್ಬೇಕಾಯ್ತದೆ!”

“ಅಯ್ಯಯ್ಯೋ! ಮಗಳ ಮದ್ವೆ ಹತ್ರ ಇಟ್ಕೊಂಡು ಅದೇನು ಮಾತು!” ಎಂದು ಸುಂದ್ರಮ್ಮ ನೆಲಕ್ಕೆ ಲಟಿಗೆ ಮುರಿದರು. ಮಂಗಳಗೌರಿ ಓಡಿಬಂದು ಪ್ಲಗ್ಗು ಕಿತ್ತಳು. ಅವತ್ತಿನ ಕೆಲಸ ಅಲ್ಲಿಗೆ ಮುಗಿಯಿತು. ಧಾರಾವಾಹಿಯಲ್ಲಿ ಹಾಲು ಕುಡಿದವರು ಯಾರು ಎಂಬುದು ಸುಂದ್ರಮ್ಮನಿಗೆ ತಪ್ಪಿಹೋಗಿತ್ತು. ಆ ಕೋಪಕ್ಕೆ ಅವರು ಬೀದಿಯಲ್ಲಿ ಹೇಳಿಕೊಂಡು ಹೋದರಂತೆ, ನಟರಾಜುವಿನ, ಅಂದರೆ ನನ್ನ, ಮನೆಯ ಮಿಷನ್ನಿನಲ್ಲಿ ಮದುವೆ ಹಿಂದಕ್ಕೆ ಓಡುತ್ತದೆ ಎಂದು. ಮಾರನೆಯ ದಿನ ಇಬ್ಬರು ಗಂಡಸರು ಬಂದು, ಅದು ನಿಜವೇ, ನಮ್ಮ ಕ್ಯಾಸೆಟ್ಟನ್ನೂ ತರಬಹುದೇ ಎಂದು ಆಸೆಯಿಂದ ಕೇಳಿದರು.

ಭಾನುವಾರ ಬಂತು. ಚಿತ್ರ ಬರಲಿಲ್ಲ. ಭಾವ ಬಂದರು.

ಬೀದಿಗೆ ಬೀದಿಯೇ ನಮ್ಮ ನಡುಮನೆಯಲ್ಲಿ ಸೇರಿತ್ತು. ಭಾವ ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತರು, ಲಿಂಗಯ್ಯ ಅವರ ಬಲಗಡೆ. ಮಂಗಳಗೌರಿ ಬೆಳಗ್ಗೆಯಿಂದ ಹೋಳಿಗೆ ತಟ್ಟಿ ಇಟ್ಟಿದ್ದಳು. ಅಣ್ಣ ಉಣ್ಣುತ್ತಾನೆ ಎಂಬ ನಂಬಿಕೆಯಿಂದಲ್ಲ. ಉಣ್ಣದೆ ಹೋದರೆ ನೋಡಿ ಅಳಲು ಏನಾದರೂ ಇರಲಿ ಎಂದು ಇಟ್ಟಿದ್ದಳೋ ಏನೋ.

“ಹಾಕಿ ಭಾವ,” ಎಂದರು ಗುರುಮಲ್ಲಪ್ಪನವರು.

ಹಾಕಿದೆ. ನೀಲಿ.

“ಇದೇನಾ ನಿಮ್ಮ ಮದ್ವೆ?” ಎಂದರು ಲಿಂಗಯ್ಯ.

ಯಾರೋ ಆಂಟೆನಾ ತಿರುಗಿಸಿ ಎಂದರು. ಆಂಟೆನಾ ಕಂಡೇ ಎಷ್ಟೋ ವರ್ಷವಾಗಿದೆ. ಇನ್ನೊಬ್ಬರು ಟಿವಿಯ ತಲೆಗೆ ಎರಡು ಬಡಿಯಿರಿ ಎಂದರು. ಬಡಿಯಲು ಅದಕ್ಕೆ ತಲೆಯೇ ಇಲ್ಲ, ಬರೀ ಮುಖ. ಬೆವರು ಸುರಿಯುತ್ತಿತ್ತು. ಹೋಗಲಿ, ತಾಳಿ ಬಿಚ್ಚಿದರೆ ಬಿಚ್ಚಲಿ ಎಂದು ಹಲ್ಲು ಕಚ್ಚಿ ಹಳದಿ ಬಿಳಿ ಎರಡನ್ನೂ ಅದಲು ಬದಲು ಮಾಡಿದೆ. ಬಿಳಿ ಸಲೀಸಾಗಿ ಕೂತಿತು. ಹಳದಿ ಅರ್ಧ ಹೋಗಿ ನಿಂತಿತು. ಇನ್ನೇನು ಒತ್ತಬೇಕು, ಟಿವಿಯೊಳಗಿಂದ ವಾಲಗ ಕೇಳಿಸಿತು.

ಅಷ್ಟು ದಿನ ಚಿತ್ರವಿಲ್ಲದೆ ಓಡಿದ ಕ್ಯಾಸೆಟ್ಟು ಧಾರೆ ದಾಟಿ ಊಟದ ಹೊತ್ತಿಗೆ ಬಂದು ನಿಂತಿತ್ತೆಂದು ಕಾಣುತ್ತದೆ. ಪರದೆ ನೀಲಿಯೇ. ಆದರೆ ವಾಲಗ ನಿಜವಾದ ವಾಲಗ, ಮಕ್ಕಳ ಗಲಾಟೆ, ಪಾತ್ರೆಯ ಸದ್ದು. ಒಬ್ಬರು ಕೆಮ್ಮಿದರು.

“ಅದು ನಮ್ಮ ಮಾವನ ಕೆಮ್ಮು!” ಎಂದು ಸುಂದ್ರಮ್ಮ ಎದ್ದುನಿಂತರು. “ಮನೆ ಮನೆ ತಿರುಗಿದ್ರೂ ಆ ಕೆಮ್ಮು ಇನ್ನೊಬ್ಬರಿಗಿಲ್ಲ.” ತೀರಿಹೋದ ಮಾವನ ಕೆಮ್ಮಿಗೆ ಅವರು ಸೆರಗನ್ನು ತಲೆಯ ಮೇಲೆ ಹೊದ್ದುಕೊಂಡರು.

“ಚಿತ್ರ ಇಲ್ದೆ ಇದು ಸಾಕ್ಷಿ ಆಗಲ್ಲ,” ಎಂದರು ಲಿಂಗಯ್ಯ. “ಕೆಮ್ಮು ಯಾರ್ದು ಬೇಕಾದ್ರೂ ಇರ್ಬೋದು.”

“ನಿಮ್ದೇ ಇರ್ಬೋದು, ಸುಮ್ನಿರಿ ಒಂದ್ ಗಳಿಗೆ!” ಎಂದು ರೇಗಿದೆ.

ಆಗ ಆ ನೀಲಿಯೊಳಗಿಂದ ಒಂದು ಹೆಣ್ಣಿನ ದನಿ ಬಂತು. ವಾಲಗದ ಮೇಲೆ ಕೂಗುತ್ತಿದ್ದ ದನಿ, ಸ್ವಲ್ಪ ಒಡಕು, ಸ್ವಲ್ಪ ಗದರಿಕೆ.

“ಲೇ ಗುರುಮಲ್ಲ! ಅಲ್ಯಾಕ್ಲಾ ಕಂಬ ಇಡ್ಕೊಂಡು ನಿಂತಿದ್ದೀಯ? ಬಾರ್ಲಾ ಮಗ, ಊಟಕ್ಕೆ ಬಾ. ಬೆಳಗ್ಗಿಂದ ಏನೂ ತಿಂದಿಲ್ಲ ನೀನು. ಬಾರಪ್ಪ, ಎಲೆ ಹಾಕವ್ರೆ.”

ಮಂಗಳಗೌರಿಯ ಕೈಯಿಂದ ಸೌಟು ಬಿತ್ತು. “ಅವ್ವ,” ಎಂದಳು. ಅಷ್ಟೇ. ಅವಳ ಅವ್ವ ಪುಟ್ಟಸಿದ್ದಮ್ಮ ತೀರಿಕೊಂಡು ಎಷ್ಟು ಕಾಲವಾಯಿತು! ಮನೆಯಲ್ಲಿ ಅವರ ಫೋಟೋ ಇದೆ, ವರ್ಷಕ್ಕೊಮ್ಮೆ ಎಡೆ ಇಡುತ್ತೇವೆ. ದನಿ ಮಾತ್ರ ಇಷ್ಟು ವರ್ಷ ಟ್ರಂಕಿನೊಳಗೆ ಸೀರೆಗಳ ಅಡಿ ಕೂತಿತ್ತು.

ಲಿಂಗಯ್ಯ ಗಂಟಲು ಸರಿಮಾಡಿಕೊಂಡರು. “ಇದು ಲೆಕ್ಕಕ್ಕೆ ಬರಲ್ಲ ಗುರುಮಲ್ಲಪ್ಪ. ಕರೆದದ್ದು ಹೆಣ್ಣಿನ ಕಡೆಯವ್ರೇ. ಗಂಡಿನ ಕಡೆಯವ್ರು ಕರೀಬೇಕಾಗಿತ್ತು ಅಂತ ತಾನೆ ನಮ್ಮ ನ್ಯಾ…”

“ಮುಚ್ಚು ಬಾಯಿ!” ಎಂದು ಭಾವ ಗುಡುಗಿದರು. “ನಮ್ಮವ್ವ ಕರೀತಾವ್ಳೆ.”

ಅವರ ಮುಖ ನಾನು ಹಿಂದೆಂದೂ ನೋಡದ ಹಾಗಾಗಿತ್ತು. ಹಿಂದಕ್ಕೆ ಓಡಿಸಿ ಇನ್ನೊಂದು ಸಲ ಹಾಕಿ ಎಂದರು. ಕ್ಯಾಸೆಟ್ಟು ಹಿಂದಕ್ಕೆ ಓಡಿತು. ಯಾರೂ ತಾಳಿಯ ಮಾತೆತ್ತಲಿಲ್ಲ. ಅವ್ವ ಮತ್ತೆ ಕರೆದರು. ಮೂರನೆಯ ಸಲ ಹಾಕಿಸಿದರು. “ಬಾರಪ್ಪ, ಎಲೆ ಹಾಕವ್ರೆ” ಎಂದದ್ದೇ ಭಾವ ಟವೆಲ್ಲಿನಿಂದ ಮುಖ ಒರೆಸಿಕೊಂಡು ಎದ್ದರು.

“ಬಂದೆ ಕಣವ್ವ,” ಎಂದು ಆ ನೀಲಿ ಪರದೆಗೆ ಹೇಳಿದರು. ಆಮೇಲೆ ತಂಗಿಯ ಕಡೆ ತಿರುಗಿ, “ಎಲ್ಲವ್ವ ಎಲೆ? ಹಾಕು,” ಎಂದರು.

ಮಂಗಳಗೌರಿ ಅಳುತ್ತ ನಗುತ್ತ ಒಳಗೆ ಓಡಿದಳು. ರಮ್ಯ ಮಾವನ ಕೈ ಹಿಡಿದುಕೊಂಡು ಊಟದ ಮನೆಗೆ ಕರೆದುಕೊಂಡು ಹೋದಳು. ಲಿಂಗಯ್ಯನವರನ್ನು ಯಾರೂ ಕರೆಯಲಿಲ್ಲ. ಅವರು ತಾವಾಗಿಯೇ ಹೋಗಿ ಎಲೆಯ ಮುಂದೆ ಕೂತರು. ಸುಂದ್ರಮ್ಮ ಬಡಿಸಲು ಸೊಂಟ ಕಟ್ಟಿದರು, ಬೀದಿಯವರು ತಮ್ಮ ತಮ್ಮ ಮನೆಗೆ ಹೋದರು. ನಡುಮನೆಯಲ್ಲಿ ಉಳಿದವನು ನಾನೊಬ್ಬ, ನನ್ನ ಎದುರಿಗೆ ಆ ನೀಲಿ.

ಈಗ ಸುಮ್ಮನಿರಬಹುದಾಗಿತ್ತು. ಆದರೆ ವಾರವಿಡೀ ನನ್ನನ್ನು ಊರ ಮುಂದೆ ಕುಣಿಸಿದ ಆ ಹಳದಿ ಪಿನ್ನು ಅರ್ಧಕ್ಕೆ ನಿಂತು ಅಣಕಿಸುತ್ತಿತ್ತು. ತ್ರೀ ಫೇಸ್ ಮೋಟರನ್ನು ಹಿಡಿತಕ್ಕೆ ತಂದ ಕೈಗೆ ಒಂದು ಪಿನ್ನು ಬಗ್ಗುವುದಿಲ್ಲವೇ? ಎಳೆದು ತೆಗೆದೆ, ಮಂಗಳಗೌರಿಯ ಹೇರ್‌ಪಿನ್ನಿನಿಂದ ತೂತನ್ನು ಕೆದಕಿದೆ. ಒಳಗಿಂದ ಒಂದು ಒಣಗಿದ ದಂಟು ಹೊರಬಂತು. ಸೇವಂತಿಗೆ ಹೂವಿನ ದಂಟು. ಆಯುಧ ಪೂಜೆಯ ದಿನ ಕಣ್ಣಿಗೆ ಕುಂಕುಮ ಇಟ್ಟವಳು ಹೂ ಎಲ್ಲಿ ಮುಡಿಸಬೇಕು? ಅಲ್ಲೇ ಸಿಕ್ಕಿಸಿದ್ದಳು.

ಹಳದಿ ಪಿನ್ನನ್ನು ಒತ್ತಿದೆ. ಈ ಸಲ ಪೂರ್ತಿ ಹೋಯಿತು.

ಚಿತ್ರ ಬಂತು.

ಬಂತು ಎಂದರೆ ಹೇಗೆ! ಚಪ್ಪರ, ಮಾವಿನ ತೋರಣ, ಬಾಳೆ ಎಲೆಗಳ ಮೊದಲ ಪಂಕ್ತಿ. ಪಂಕ್ತಿಯ ತುದಿಯಲ್ಲಿ, ಕ್ಯಾಮೆರಾದ ಲೈಟಿಗೆ ಮುಖ ಹೊಳೆಯುತ್ತ, ಮೀಸೆ ಕಪ್ಪಗಿರುವ ಗುರುಮಲ್ಲಪ್ಪನವರು ಚಕ್ಕಳಮಕ್ಕಳ ಹಾಕಿ ಕೂತು ಹೋಳಿಗೆ ತಿನ್ನುತ್ತಿದ್ದಾರೆ. ಪಕ್ಕದ ಎಲೆ ಲಿಂಗಯ್ಯನವರದು. ನಮ್ಮಪ್ಪ, ಗಂಡಿನ ಅಪ್ಪ, ಪಂಚೆ ಎತ್ತಿ ಕಟ್ಟಿಕೊಂಡು ಹೋಳಿಗೆಯ ತಟ್ಟೆ ಹಿಡಿದು ಭಾವನ ಮುಂದೆ ಬಗ್ಗಿದ್ದಾರೆ. ವಾಲಗದ ಸದ್ದಿನಲ್ಲಿ ಮಾತು ಕೇಳುತ್ತಿರಲಿಲ್ಲ, ತುಟಿ ಮಾತ್ರ ಆಡುತ್ತಿತ್ತು. ಭಾವ ಎಲೆಗೆ ಎರಡೂ ಕೈ ಅಡ್ಡ ಹಿಡಿದು ಬೇಡ ಬೇಡ ಎನ್ನುತ್ತಾರೆ, ಅಪ್ಪ ಕೈಯ ಸಂದಿಯಲ್ಲಿ ಇನ್ನೊಂದು ಹೋಳಿಗೆ ಜಾರಿಸುತ್ತಾರೆ, ಭಾವ ನಗುತ್ತಾರೆ.

ನನ್ನ ಮೈ ಉರಿದುಹೋಯಿತು. ಉಂಡಿದ್ದಾನೆ! ಹೊಟ್ಟೆ ಬಿರಿಯ ಉಂಡಿದ್ದಾನೆ! ನಮ್ಮಪ್ಪನ ಕೈಯಿಂದಲೇ ಬಡಿಸಿಕೊಂಡು ಉಂಡಿದ್ದಾನೆ! ಸಾಕ್ಷಿಗೆ ಬಂದವನೂ ಪಕ್ಕದಲ್ಲೇ ಉಂಡಿದ್ದಾನೆ! ಇಷ್ಟು ವರ್ಷ ನನ್ನ ಮನೆಯ ಬಾಗಿಲಲ್ಲಿ ನೀರು ಕುಡಿದು ನನ್ನ ಮರ್ಯಾದೆ ಕಳೆದನಲ್ಲ ಈ ಮನುಷ್ಯ! ಎಲ್ಲರನ್ನೂ ಕೂಗಿ ಕರೆಯಲು ಬಾಯಿ ತೆರೆದೆ.

ಊಟದ ಮನೆಯಿಂದ ಮಾತು ಕೇಳಿಸಿತು.

“ಇನ್ನೊಂದು ಹಾಕಲಾ ಅಣ್ಣ?”

“ಹಾಕವ್ವ. ಅವ್ವನ ಕೈ ರುಚಿ ನಿಂಗೆ ಬಂದದೆ ಕಣೆ. ಮದ್ವೆಗೆ ಮೂರು ದಿನ ಮೊದ್ಲೇ ಬತ್ತೀನಿ ಬುಡು, ಚಪ್ಪರದ ಕೆಲಸ ಈ ನಟರಾಜು ಕೈಲಿ ಆಗಲ್ಲ.”

ಮಂಗಳಗೌರಿ ನಕ್ಕಳು. ಆ ನಗುವನ್ನು ನಾನು ಬಹಳ ದಿನದಿಂದ ಕೇಳಿರಲಿಲ್ಲ.

ತೆರೆದ ಬಾಯಿ ಮುಚ್ಚಿದೆ. ಅಪ್ಪನ ಮುಖವನ್ನು ಕಣ್ತುಂಬ ಇನ್ನೊಮ್ಮೆ ನೋಡಿದೆ. ಆಮೇಲೆ ಮಿಷನ್ನಿನ ಹಿಂದೆ ಬಗ್ಗಿ, ವಾರವೆಲ್ಲ ಒದ್ದಾಡಿ ಕೂರಿಸಿದ ಹಳದಿ ಪಿನ್ನನ್ನು ನನ್ನ ಕೈಯಾರೆ ಕಿತ್ತೆ. ನೆಲದ ಮೇಲೆ ಬಿದ್ದಿದ್ದ ಸೇವಂತಿಗೆ ದಂಟನ್ನು ಹುಡುಕಿ ತೆಗೆದು, ಮತ್ತೆ ಆ ತೂತಿಗೇ ಭದ್ರವಾಗಿ ತುರುಕಿದೆ.

“ಏನ್ ಭಾವ, ಚಿತ್ರ ಬಂತಾ?” ಎಂದರು ಗುರುಮಲ್ಲಪ್ಪನವರು ಒಳಗಿನಿಂದ, ಬಾಯಿ ತುಂಬ ಹೋಳಿಗೆ ಇಟ್ಟುಕೊಂಡು.

“ಇಲ್ಲ ಭಾವ. ನೀಲಿ.”

“ಬಂದಿದ್ರೆ ನಿಮಗೇ ಕಾಣ್ತಿತ್ತು ಬುಡಿ. ನಾನು ಎಲೆ ಮುಂದೆ ಕೂರ್ಲೇ ಇಲ್ಲ ಅವತ್ತು.”

“ಅದ್ಕೆ ನಾನೇ ಸಾಕ್ಷಿ,” ಎಂದರು ಲಿಂಗಯ್ಯ.

ಹಲ್ಲು ಕಚ್ಚಿಕೊಂಡೆ. ಅಡುಗೆಮನೆಗೆ ಹೋಗಿ ಹೋಳಿಗೆಯ ತಟ್ಟೆ ತೆಗೆದುಕೊಂಡೆ, ಪಂಚೆ ಎತ್ತಿ ಕಟ್ಟಿಕೊಂಡೆ, ಭಾವನ ಎಲೆಯ ಮುಂದೆ ಬಗ್ಗಿದೆ.

“ಬೇಡ ಬೇಡ,” ಎಂದು ಅವರು ಎರಡೂ ಕೈ ಅಡ್ಡ ಹಿಡಿದರು.

ಕೈಯ ಸಂದಿಯಲ್ಲಿ ಒಂದು ಜಾರಿಸಿದೆ.